ಮಗ್ಗುಲು

ಬಿಸಿನೀರಿನ ಕೊಡ ಎತ್ತಿಕೊಂಡು ಶೇವಂತೆವ್ವ ಪರದೆಯ ತನಕ ಬಂದಳು. ಒಳಗಿನಿಂದ ಸುಲ್ತಾನಬಿಯ ಕೈ ಹೊರಬಂದು ಕೊಡವನ್ನಷ್ಟೇ ತೆಗೆದುಕೊಂಡಿತು.

"ಶೇವಂತೆವ್ವಾ, ನೀ ಅಲ್ಲೇ ನಿಂದ್ರು. ಒಳಗ ನಾವು ಮೂರು ಮಂದಿ ಅದೇವಿ, ಸಾಕು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸತ್ತ ಹೆಣ್ಣಿನ ಮೈ ತೊಳೆಯುವುದು ಅವರ ಮಂದಿಯ ಹೆಂಗಸರದೇ ಕೆಲಸ. ಅದು ಶೇವಂತೆವ್ವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಕಾಲು ಹಿಂದೆ ಸರಿಯಲಿಲ್ಲ. ಒಳಗೆ ಹಲಗೆಯ ಮೇಲೆ ಮಲಗಿದ್ದವಳು ದೇವರ ಹಿಪ್ಪರಗಿ ದವಾಖಾನೆಯ ನರ್ಸು ಸಗೀರಾಬಾಯಿ. ಆಕೆಯ ಬಲ ಸೊಂಟದಲ್ಲಿ ಬಾರಿಹಣ್ಣಿನಷ್ಟು ಅಗಲದ ಹುಣ್ಣಿತ್ತು. ಅದಕ್ಕೆ ಕಟ್ಟಿದ ಅರಿವೆ ಒಣಗಿ ಅಂಟಿರುತ್ತದೆ. ತೋಯಿಸದೆ ಕಿತ್ತರೆ ತೊಗಲೂ ಜೊತೆಗೆ ಬರುತ್ತದೆ. ಅದನ್ನು ತಾನೇ ಬಿಡಿಸಬೇಕು, ಇನ್ನೊಂದು ಸಲ ಆ ಮೈ ಮುಟ್ಟಬೇಕು. ಶೇವಂತೆವ್ವನಿಗೆ ಬೇಕಾದದ್ದು ಅಷ್ಟೇ. ಕೇಳಬೇಕೆಂದರೆ ಹುಣ್ಣಿನ ಸುದ್ದಿ ಹೇಳಬೇಕು. ಅದಕ್ಕೆ ಬಾಯಿ ಏಳಲಿಲ್ಲ.

ಗಂಡಸರು ಬೇವಿನ ಗಿಡದ ಕೆಳಗಿದ್ದರು. ಸುಲ್ತಾನಬಿಯ ಗಂಡ, ಸಗೀರಾಬಾಯಿಯ ತಮ್ಮ ಇಬ್ರಾಹಿಂಸಾಬ, ಯಾರ ಮುಖವನ್ನೂ ನೋಡದೆ ಕುಳಿತಿದ್ದ. ಮೂರು ತಿಂಗಳ ಹಿಂದೆ ಲಕ್ವಾ ಹೊಡೆದು ಅಕ್ಕನ ಬಲಗೈ, ಬಲಗಾಲು ಬಿದ್ದಾಗ ಆತ ಅಗರಖೇಡದಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ. ಆ ಹಾದಿಯ ಕುಲುಕಾಟದಲ್ಲಿ ಜೀವ ಉಳಿಯುವುದಿಲ್ಲ ಎಂದು ಶೇವಂತೆವ್ವ ಎತ್ತಿನ ಮುಂದೆ ಅಡ್ಡ ನಿಂತಿದ್ದಳು. ತಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅಕ್ಕನ ಮೈಮೇಲೆ ಒಂದು ಗೀರೂ ಬೀಳಬಾರದು ಎಂದು ಹೇಳಿ ಆತ ಖಾಲಿ ಚಕ್ಕಡಿ ಹೊಡೆದುಕೊಂಡು ಹೋಗಿದ್ದ.

ಕುಂಬಾರ ಗುರಣ್ಣ ಕುಂಟುತ್ತ ಬಂದು ಆತನ ಪಕ್ಕ ಕುಳಿತ.

"ಸೂಜಿ ಚುಚ್ಚುವಾಗ ಅತ್ತರ ಬೈತಿದ್ಲು ನಿಮ್ಮಕ್ಕ. ಅಳದಿದ್ರ, ನೋವಾದದ್ದು ಯಾಕ ಹೇಳ್ಲಿಲ್ಲಂತ ಅದಕ್ಕೂ ಬೈತಿದ್ಲು."

ಒಂದಿಬ್ಬರು ನಕ್ಕರು. ಇಬ್ರಾಹಿಂಸಾಬ ನಗಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಇದೇ ಗುರಣ್ಣ ತೊಡೆ ಮುರಿದುಕೊಂಡು ದವಾಖಾನೆಯಲ್ಲಿ ಒಂದೂವರೆ ತಿಂಗಳು ಬಿದ್ದಿದ್ದ. ಬೆನ್ನಿಗೆ ಹುಣ್ಣಾಯಿತು. ಅಶಕ್ತಿಯಿಂದ ಆದದ್ದು ಎಂದು ಡಾಕ್ಟರರು ಬರೆದರು. ಸಗೀರಾಬಾಯಿ ಆ ಬರಹದ ಕೆಳಗೆ ತನ್ನ ಕೈಯಾರೆ ಬರೆದಳು: ಎರಡು ದಿನ ರೋಗಿಯ ಮಗ್ಗುಲು ಬದಲಿಸಿಲ್ಲ, ತಪ್ಪು ನನ್ನದು. ಡಾಕ್ಟರರು ದವಾಖಾನೆಯ ಸೂರು ಕಿತ್ತುಹೋಗುವಂತೆ ಕೂಗಾಡಿದರು. ಈಕೆ ತಲೆ ತಗ್ಗಿಸಲಿಲ್ಲ, ಬರೆದದ್ದನ್ನು ಹೊಡೆದೂ ಹಾಕಲಿಲ್ಲ.

ಆಗ ಅಲ್ಲಿ ಕಸ ಹೊಡೆಯುತ್ತಿದ್ದ ಶೇವಂತೆವ್ವ, ಯಾರಿಗೆ ಗೊತ್ತಾಗುತ್ತಿತ್ತು, ಸುಮ್ಮನಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು.

"ಗುರಣ್ಣನ ಬೆನ್ನಿಗೆ ಗೊತ್ತೈತಲ್ಲ," ಎಂದಳು ಸಗೀರಾಬಾಯಿ. "ತೊಡಿ ಮುರಿದದ್ದು ಅವನ ದೈವ. ಹುಣ್ಣು ನಂದು. ಇದೂ ದೈವ ಅಂದ್ಬಿಟ್ರ ನಾಳಿ ಇನ್ನೊಬ್ಬನ ಮಗ್ಗಲಾ ನಾ ಯಾಕ ಹೊಳ್ಳಿಸ್ಲಿ?"

ಮರುದಿನವೇ ಆಕೆ ಶೇವಂತೆವ್ವನ ಕೈಯೊಳಗಿನ ಕಸಬರಿಗೆ ಬಿಡಿಸಿ ರೋಗಿಯ ಹಾಸಿಗೆಯ ಹತ್ತಿರ ನಿಲ್ಲಿಸಿದಳು.

*

ಹೋದ ತಿಂಗಳು ಸಿಂದಗಿಯಲ್ಲಿ ಶೇವಂತೆವ್ವನ ಮಗಳು ಹಡೆದಳು. ಶೇವಂತೆವ್ವ ನೆರೆಮನೆಯ ರೇಣವ್ವನಿಗೆ ನೀರು, ಗಂಜಿ ಕೊಡಲು ಹೇಳಿ ಮುಂಜಾನೆ ಹೋದಳು. ಮಗ್ಗುಲು ಬದಲಿಸು ಎಂದು ಹೇಳಲಿಲ್ಲ; ಮಧ್ಯಾಹ್ನದೊಳಗೆ ಬರುವವಳಿದ್ದಳು. ಬಸ್ಸು ಕೆಟ್ಟು ನಿಂತಿತು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಸಗೀರಾಬಾಯಿ ಬೆಳಿಗ್ಗೆ ಮಲಗಿಸಿದ ಹಾಗೆಯೇ ಬಲ ಮಗ್ಗುಲಿಗಿದ್ದಳು. ಸೊಂಟ ಕೆಂಪಗಾಗಿತ್ತು; ಮುಂದೆ ಅದೇ ಹುಣ್ಣಾಯಿತು. ಶೇವಂತೆವ್ವ ಬಸ್ಸಿನ ಕಥೆ ಹೇಳಿದಳು, ಡ್ರೈವರನನ್ನು ಬೈದಳು, ರೇಣವ್ವನನ್ನೂ ಬೈದಳು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಂದ ಬರಲಿಲ್ಲ.

ಸಗೀರಾಬಾಯಿಯ ನಾಲಿಗೆ ತೊದಲುತ್ತಿತ್ತು. ಎಡಗೈಯಿಂದ ಶೇವಂತೆವ್ವನ ಮುಂಗೈ ಹಿಡಿದು, "ಕೂಸು?" ಎಂದಷ್ಟೇ ಕೇಳಿದಳು.

*

ಪರದೆಯ ಒಳಗೆ ನೀರಿನ ಸದ್ದು ನಿಂತಿತು. ಸುಲ್ತಾನಬಿ ಒದ್ದೆ ಕೈಯಲ್ಲೇ ಹೊರಗೆ ಬಂದು ಗಂಡನ ಕಡೆ ನೋಡಿದಳು. ಸೊಂಟಕ್ಕೆ ಅರಿವೆ ಕಟ್ಟಿದೆ, ಕೆಳಗೆ ಹುಣ್ಣಿದೆ ಎಂದಳು. ಇಬ್ರಾಹಿಂಸಾಬ ಎದ್ದು ನಿಂತ.

ರೇಣವ್ವ ನಡುವೆ ಬಾಯಿ ಹಾಕಿದಳು. ಮೂರು ತಿಂಗಳು ಮಲಗಿದ ಮೈ, ಹುಣ್ಣಾಗದೆ ಇರುತ್ತದೆಯೇ, ರೋಗವೇ ಅಂಥದ್ದು ಎಂದಳು. ಕುಳಿತವರೆಲ್ಲ ಹೌದು ಹೌದು ಎಂದರು. ಇಬ್ರಾಹಿಂಸಾಬನೂ ಮತ್ತೆ ಕೂಡುವವನಿದ್ದ.

"ರೋಗದ್ದಲ್ರಿ ಅದು," ಎಂದಳು ಶೇವಂತೆವ್ವ. "ನಂದು. ಸಿಂದಗಿಗೆ ಹೋಗಿದ್ದೆ. ಮುಂಜಾನಿಂದ ಸಂಜಿತನಕ ಬಾಯಿಯವ್ರು ಒಂದ ಮಗ್ಗಲಾ ಇದ್ರು. ತಪ್ಪು ನಂದು."



"ಮಾತು ಕೊಟ್ಟಿದ್ದಿ ನೀ," ಎಂದ ಇಬ್ರಾಹಿಂಸಾಬ.

"ಹೌದ್ರಿ."

ಆತ ಬೆನ್ನು ತಿರುಗಿಸಿದ. ಸುಲ್ತಾನಬಿ ಒಳಗೆ ಹೋದಳು, ಪರದೆ ಮುಚ್ಚಿತು. ಶೇವಂತೆವ್ವ ಆ ಬಟ್ಟೆಗೆ ಬಾಯಿ ಹತ್ತಿರ ಮಾಡಿ, "ಅರಿವಿ ಕೀಳಬ್ಯಾಡ್ರಿ," ಎಂದಳು. "ಬಿಸಿನೀರು ಹನಿಸ್ರಿ. ತಾನ ಬಿಡತೈತಿ."

ಬಹಳ ಹೊತ್ತು ನೀರು ಹನಿಯುವ ಸದ್ದಷ್ಟೇ ಕೇಳಿತು. ಆಮೇಲೆ ಸುಲ್ತಾನಬಿಯ ದನಿ ಬಂತು.

"ಬಿಡ್ತು. ಈಗ ಎಡಕ್ಕ ಹೊಳ್ಳಿಸಬೇಕು. ಕೈ ಎಲ್ಲಿ ಹಾಕಿದ್ರೂ ಹುಣ್ಣಿಗೆ ಹತ್ತತೈತಿ. ನೀ ಹೆಂಗ ಹೊಳ್ಳಿಸ್ತಿದ್ದಿ, ಹೇಳು."

"ಒಂದು ಕೈ ಹೆಗಲ ಕೆಳಗ ಹಾಕ್ರಿ," ಎಂದಳು ಶೇವಂತೆವ್ವ. ಆಕೆಯ ಬಲಗೈ ತಾನಾಗಿ ಮುಂದೆ ಹೋಯಿತು. "ಇನ್ನೊಂದು ತೊಡಿ ಕೆಳಗ. ಎಳೀಬ್ಯಾಡ್ರಿ. ನಿಮ್ಮ ಎದಿ ಕಡೆ ವಾಲಿಸ್ಕೋರಿ. ಸಾವಕಾಶ."

ಬೇವಿನ ಕೆಳಗಿದ್ದವರು ನೋಡಿದರು. ಪರದೆಗೆ ಮುಖ ಮಾಡಿ ನಿಂತ ಶೇವಂತೆವ್ವ ಮೊಣಕಾಲು ತುಸು ಬಾಗಿಸಿ, ಬರಿಗಾಳಿಯಲ್ಲಿ ಎರಡೂ ಅಂಗೈ ಚಾಚಿ, ಏನನ್ನೋ ಮೆಲ್ಲಗೆ ಎದೆಗೆ ವಾಲಿಸಿಕೊಳ್ಳುತ್ತಿದ್ದಳು.