ಪೆಟ್ಟಿಗೆಯಲ್ಲೇ ಇಲ್ಲದ ಗಿಳಿ

ನಮ್ಮ ಕಂಪನಿಯ ಮೊಬೈಲ್ ಆಟದಲ್ಲಿ ಪೆಟ್ಟಿಗೆ ಒಡೆದರೆ ಏನು ಬೀಳಬೇಕು, ಎಷ್ಟು ಅಪರೂಪಕ್ಕೆ ಬೀಳಬೇಕು ಎಂದು ತೀರ್ಮಾನಿಸುವವಳು ನಾನು. ಜನ ದಿನವಿಡೀ ನನಗೆ ಹಿಡಿಶಾಪ ಹಾಕುತ್ತಾರೆ, ಸಂಬಳ ಬರುವುದೇ ಅದಕ್ಕೆ. ಹರಕು ಬೂಟು ಬೇಕಾದಷ್ಟು ಬೀಳುತ್ತದೆ. ಗಾಲಾ ಎಂಬ ಬಂಗಾರದ ಗಿಳಿ ಮಾತ್ರ ಸಾವಿರ ಪೆಟ್ಟಿಗೆಗೆ ಒಂದು.

ಮೆಲ್ಬರ್ನ್‌ನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದ ನನ್ನಪ್ಪ ಮರ್ವ್, ಆ ಗಿಳಿಗಾಗಿ ಮೂರು ವಾರದಿಂದ ಪೆಟ್ಟಿಗೆ ಒಡೆಯುತ್ತಿದ್ದ. ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಕ್ಲಬ್ಬಿನ ಅವನ ಗೆಳೆಯರಿಗೂ ಇದೇ ಹುಚ್ಚು. ಮಂಡಿಯೂರಿ ಒಡೆದರೆ ಬೀಳುತ್ತದೆ, ಮಳೆಯಲ್ಲಿ ಒಡೆದರೆ ಬೀಳುತ್ತದೆ ಎಂದು ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ. ನಾನೇ ಒಂದು ಕೊಡಲೇ ಎಂದು ಕೇಳಿದ್ದಕ್ಕೆ ಅಪ್ಪ ಕೆರಳಿದ.

"ಶಿಫಾರಸಿನ ಗಿಳಿ ನಂಗ್ಯಾಕೆ? ಕ್ಲಬ್ಬಲ್ಲಿ ಆ ನೋಯೆಲ್‌ಗೆ ಗೊತ್ತಾದ್ರೆ ಸಾಯೋವರೆಗೂ ಆಡ್ಕೊಳ್ತಾನೆ."

ಮಂಗಳವಾರ ಅವನ ಫೋನ್ ಬಂತು.

"ಸಿಕ್ತು ಕಣೆ ಬ್ರೈಡಿ. ಕ್ಲಬ್ಬಲ್ಲಿ ಎಲ್ರಿಗೂ ಹೇಳ್ದೆ. ನೋಯೆಲ್ ಮುಖ ಇಂಗು ತಿಂದ ಮಂಗನ ಥರ ಆಗಿತ್ತು."

"ಫೋಟೋ ಕಳ್ಸಪ್ಪ."

"ಎಲ್ಲಿಂದ ಕಳ್ಸಲಿ? ಹಾರೋಕೆ ಬಿಟ್ಬಿಟ್ಟೆ. ಪಂಜರದಲ್ಲಿಡೋದು ಪಾಪ ಅಲ್ವಾ?"

ನನಗೂ ಖುಷಿಯಾಯಿತು. ಎಷ್ಟನೇ ಪೆಟ್ಟಿಗೆಗೆ ಬಿತ್ತು ನೋಡೋಣವೆಂದು ನನ್ನ ಪಟ್ಟಿ ತೆರೆದೆ. ಗಿಳಿಯ ಮುಂದೆ ಸೊನ್ನೆ ಇತ್ತು. ಪರೀಕ್ಷೆ ಮಾಡುವಾಗ ಅಡ್ಡ ಬರದಿರಲಿ ಎಂದು ನಾನೇ ಸೊನ್ನೆ ಹಾಕಿದ್ದೆ. ಆಟ ಹೊರಗೆ ಬಿಡುವ ಮೊದಲು ಅದನ್ನು ಸಾವಿರಕ್ಕೆ ಒಂದು ಎಂದು ಬದಲಿಸಬೇಕಿತ್ತು, ಮರೆತಿದ್ದೆ. ಮೂರು ವಾರ, ನಲವತ್ತು ಸಾವಿರ ಜನ, ಯಾರ ಪೆಟ್ಟಿಗೆಯಲ್ಲೂ ಗಿಳಿಯೇ ಇರಲಿಲ್ಲ. ಅಪ್ಪನ ಪೆಟ್ಟಿಗೆಯಲ್ಲೂ ಇರಲಿಲ್ಲ.

ಪಟ್ಟಿ ಸರಿಮಾಡಿ ಕಂಪನಿಯ ಯಜಮಾನ ಫರ್ಗಸ್‌ಗೆ ತಪ್ಪೊಪ್ಪಿಕೊಂಡೆ.

"ಒಬ್ರಿಗೂ ಸಿಕ್ಕಿಲ್ಲ, ತಪ್ಪಾಯ್ತು ಅಂತ ಆಟದ ಪುಟದಲ್ಲಿ ನೇರವಾಗಿ ಬರೆದು ಹಾಕು," ಎಂದ. "ಬೈತಾರೆ, ಬೈಸ್ಕೋ."

ಬೈಗುಳ ನನಗೆ ಹೊಸದಲ್ಲ. ಆದರೆ ಆ ಸಾಲನ್ನು ನೋಯೆಲ್ ಕ್ಲಬ್ಬಿನ ಬಾಗಿಲಿಗೇ ಅಂಟಿಸುತ್ತಾನೆ, ಅಪ್ಪ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅಮ್ಮ ಹೋದಮೇಲೆ ಅವನಿಗಿರುವುದು ಅದೊಂದೇ ಜಾಗ. 'ಒಬ್ಬರನ್ನು ಬಿಟ್ಟರೆ ಯಾರಿಗೂ ಸಿಕ್ಕಿಲ್ಲ' ಎಂದು ಬರೆದು ಫರ್ಗಸ್‌ಗೆ ತೋರಿಸಿದೆ.

"ಯಾರದು ಒಬ್ರು?"

"ನಮ್ಮಪ್ಪ."

"ಸೊನ್ನೆ ಇದ್ರೂ ಸಿಕ್ತಾ?"

"ಇಲ್ಲ. ಸಿಕ್ತು ಅಂತ ಊರಿಗೆಲ್ಲ ಹೇಳ್ಕೊಂಡಿದಾನೆ."

ಅವನು ನನ್ನನ್ನೇ ದಿಟ್ಟಿಸಿ ನೋಡಿದ. "ಹಾಳಾಗ್ಹೋಗು. ಹಾಕು," ಎಂದ.

ಸಂಜೆಯೊಳಗೆ ಅದರ ಕೆಳಗೆ ನಲವತ್ಮೂರು ಜನ 'ಆ ಒಬ್ಬ ನಾನೇ' ಎಂದು ಬರೆದಿದ್ದರು. ಅಪ್ಪ ಬೆಂಕಿಯಾಗಿ ಫೋನ್ ಮಾಡಿದ.

"ಕಳ್ ನನ್ಮಕ್ಳು. ಅಷ್ಟೂ ಜನ ಸುಳ್ಳು ಹೇಳ್ತಿದಾರೆ ಕಣೆ."

"ಹೌದಪ್ಪ."

"ಆ ಒಬ್ರು ಯಾರು ಅಂತ ನಿಂಗೆ ಗೊತ್ತಾ?"

"ನೀನೇ ಅಲ್ವಾ?"

ಅಪ್ಪ ದನಿ ತಗ್ಗಿಸಿ ಕೇಳಿದ. "ಈಗ ನಿಜವಾಗ್ಲೂ ಬೀಳುತ್ತಾ?"

"ಬೀಳುತ್ತಪ್ಪ. ಸಾವಿರಕ್ಕೊಂದು."

"ಸರಿ, ಫೋನಿಡು. ನಂಗೆ ಕೆಲಸ ಇದೆ."