ಅರವತ್ನಾಲ್ಕರ ಕಲ್ಲು

ನನ್ನ ಮಗಳು ಸೌಜನ್ಯ ಅದಿರು ಯಾರ್ಡುಗಳಲ್ಲಿ ದುಡಿಯುವ ಮಕ್ಕಳನ್ನು ಬಿಡಿಸಿ ತರುವ ಕೆಲಸದಲ್ಲಿದ್ದಳು. ಸಂಡೂರು ರಸ್ತೆಯಲ್ಲಿ ಅವಳ ಸ್ಕೂಟಿಯ ಮೇಲೆ ಲಾರಿ ಹರಿಯಿತು. ಲಾರಿ ಅದಿರು ಯಾರ್ಡಿನ ಮಾಲೀಕ ಮನೋಹರನದು. ಬ್ರೇಕ್ ಹಿಡಿಯಲಿಲ್ಲವೆಂದು ಚಾಲಕ ಹೇಳಿದ, ಪೊಲೀಸರು ಬರೆದುಕೊಂಡರು, ಕೇಸು ಮುಗಿಯಿತು. ಆ ಸಂಜೆ ಅವಳು ಮನೋಹರನ ಯಾರ್ಡನ್ನೇ ನೋಡಿ ಬರುತ್ತಿದ್ದಳೆಂಬುದು ಯಾವ ಕಾಗದದಲ್ಲೂ ಇಲ್ಲ.

ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆಯಾಗಿದ್ದೆ. ಮಗಳು ಹೋದ ಮೇಲೆ ಎಲ್ಲರೂ ಬಿಟ್ಟುಬಿಡು ಎಂದರು. ಬಿಡಲಿಲ್ಲ. ಹಂಪಿಯ ವಿರೂಪಾಕ್ಷನನ್ನು ಒಂದೇ ಮಾತು ಕೇಳುತ್ತಿದ್ದೆ: ಅವನನ್ನು ಒಂದು ಸಲ ನನ್ನ ಎದುರಿಗೆ ತಂದು ನಿಲ್ಲಿಸು. ಎಂಟನೆಯ ತಿಂಗಳು ತಂದು ನಿಲ್ಲಿಸಿದ.

ಅವನ ಯಾರ್ಡಿನ ಮೇಲೆ ಅಧಿಕಾರಿಗಳು ದಾಳಿ ಮಾಡಿದಾಗ ದುರ್ಗಾ ಎಂಬ ಹನ್ನೊಂದು ವರ್ಷದ ಹುಡುಗಿ ಸಿಕ್ಕಿದ್ದಳು. ಹೊಸಪೇಟೆಯಲ್ಲಿ ಸಮಿತಿ ಸೇರಿದಾಗ ಮನೋಹರ ತಾನೇ ಬಂದ. ಹುಡುಗಿ ತನ್ನ ಮನೆಯ ಸಾಕುಮಗಳು, ಶಾಲೆಗೆ ಹೋಗುತ್ತಾಳೆ, ಅವತ್ತು ಬುತ್ತಿ ಕೊಡಲು ಬಂದಿದ್ದಳು ಎಂದ. ಅವನಲ್ಲೇ ಕೂಲಿಗಿದ್ದ ಹುಡುಗಿಯ ಹೆತ್ತ ತಾಯಿ ತಾಯಕ್ಕನ ಹೆಬ್ಬೆಟ್ಟು ಆ ಮಾತಿನ ಕೆಳಗೆ ಬಿದ್ದಿತ್ತು. ಮಗುವಿನ ತಲೆಯೆಲ್ಲ ಕೆಂಧೂಳು ಯಾಕೆ ಎಂದು ಕೇಳಿದೆ.

"ಸಂಡೂರಾಗ ಯಾರ ತಲಿ ಕೆಂಪಿಲ್ಲ ಹೇಳ್ರಿ ಅಮ್ಮಾರ? ನಮ್ಮ ಕರಿ ಎಮ್ಮಿ ಸೈತ ಕೆಂಪಾಗೇತಿ," ಎಂದ.

ದುರ್ಗಾ ಅವನ ಮುಖ ನೋಡಿಯೇ ಪ್ರತಿ ಉತ್ತರ ಕೊಟ್ಟಳು. ಅಧ್ಯಕ್ಷರಾದ ಎರ್ರಿಯಪ್ಪನವರು ನನ್ನ ಕಿವಿಯಲ್ಲಿ, ದುಡಿದದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ಇವತ್ತೇ ಅವನ ಜೊತೆ ಕಳಿಸಬೇಕಾಗುತ್ತದೆ ಎಂದರು. ನಿಮಗೆ ಕಷ್ಟವಾದರೆ ಹೊರಗೆ ಕುಳಿತಿರಿ ಎಂದೂ ಹೇಳಿದರು. ನಾನು ಕದಲಲಿಲ್ಲ.

ನನ್ನ ಚೀಲದಲ್ಲಿ ಒಂದು ಅದಿರು ಕಲ್ಲಿತ್ತು. ಪೊಲೀಸರು ವಾಪಸು ಕೊಟ್ಟ ಸೌಜನ್ಯಳ ಸಾಮಾನಿನಲ್ಲಿ ಸಿಕ್ಕದ್ದು. ಅವಳ ನೋಟುಪುಸ್ತಕದ ಕೊನೆಯ ಪುಟದಲ್ಲಿ ಹೀಗಿತ್ತು: ಈ ಮಕ್ಕಳಿಗೆ ಅಕ್ಷರ ಬರುವುದಿಲ್ಲ, ಆದರೆ ಕಲ್ಲನ್ನು ಕೈಯಲ್ಲಿ ತೂಗಿ ನೂರಕ್ಕೆ ಎಷ್ಟು ಪಾಲು ಕಬ್ಬಿಣ ಎಂದು ಹೇಳುತ್ತಾರೆ.

ಫ್ಯಾನಿನ ಗಾಳಿಗೆ ಮೇಜಿನ ಕಾಗದಗಳು ಹಾರುತ್ತಿದ್ದವು. ಅವುಗಳ ಮೇಲೆ ಇಡವ್ವಾ ಎಂದು ಕಲ್ಲನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಇಡಲಿಲ್ಲ. ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿದಳು.

"ಅರವತ್ತೆರಡು," ಎಂದಳು.

ಎರ್ರಿಯಪ್ಪನವರಿಗೆ ಏನೂ ತಿಳಿಯಲಿಲ್ಲ. ತಿಳಿದ ಮನೋಹರ ಸುಮ್ಮನಿರಬೇಕಿತ್ತು. ಆದರೆ ಅದಿರಿನ ಮನುಷ್ಯನಿಗೆ ಎರಡು ಅಂಕ ತಪ್ಪಿದ್ದು ಸಹಿಸಲಾಗಲಿಲ್ಲ. ನಕ್ಕುಬಿಟ್ಟ.

"ಅರವತ್ನಾಲ್ಕಲೇ ಅದು. ಎರಡು ವರ್ಷಾತು ಹೇಳಿಕೊಟ್ಟು, ಇನ್ನಾ ಕೈ ಕುಂತಿಲ್ಲ ನಿಂಗ."

ಅವನ ನಗು ಅಲ್ಲೇ ನಿಂತಿತು. ನಾನು ಅಕ್ಷರ ಬಿಡದೆ ಬರೆದುಕೊಂಡು ಗಟ್ಟಿಯಾಗಿ ಓದಿದೆ. ಎರ್ರಿಯಪ್ಪನವರು ಆದೇಶ ಬರೆಯಲು ಪೆನ್ನು ಕೇಳಿದರು.

ಮನೋಹರ ನನ್ನ ಕಾಲಿಗೆ ಬಿದ್ದ. "ಬಾಯಿ ತಪ್ಪಿ ಬಂತ್ರಿ. ಮಗಳ ಸಿಟ್ಟು ನನ್ಮ್ಯಾಲ ತೀರಿಸ್ಕೋಬ್ಯಾಡ್ರಿ."

"ಅದನ್ನೇ ತೀರಿಸ್ಕೊಳ್ಳಾಕತ್ತೀನಿ," ಎಂದು ಕಾಲು ಹಿಂದಕ್ಕೆ ಎಳೆದುಕೊಂಡೆ.

ದೇವರ ಮುಂದೆ ಸುಳ್ಳು ಹೇಳಲಾರೆ. ಅವತ್ತು ದುರ್ಗಾಳನ್ನು ಮಗುವೆಂದು ನೋಡಿರಲಿಲ್ಲ. ಅವನ ಮೇಲೆ ಎಸೆಯಲು ಸಿಕ್ಕ ಕಲ್ಲೆಂದೇ ನೋಡಿದ್ದೆ. ಹೊರಗೆ ಜೀಪು ಹತ್ತುವಾಗ ಅವಳು ನನ್ನ ಸೆರಗು ಹಿಡಿದಳು.

"ನಾ ತಪ್ಪ ಹೇಳಿದ್ನೇನ್ರಿ? ಹೊಡೀತಾರೇನ್ರಿ?"

"ಇಲ್ಲವ್ವಾ. ತಪ್ಪಿದ್ದು ಅವ," ಎಂದೆ. ಮಗಳು ಸತ್ತಾಗಲೂ ಬಾರದ ಅಳು ಆಗ ಬಂತು.

ದುರ್ಗಾ ಈಗ ಕಮಲಾಪುರದ ಹಾಸ್ಟೆಲಿನಲ್ಲಿ ಓದುತ್ತಾಳೆ. ತಾಯಕ್ಕ ಅಲ್ಲಿಯೇ ಬಾಳೆತೋಟದ ಕೆಲಸಕ್ಕೆ ಸೇರಿದ್ದಾಳೆ. ಮಗುವನ್ನು ದುಡಿಸಿಕೊಂಡದ್ದಕ್ಕೆ ಮನೋಹರನ ಮೇಲೆ ಕೇಸು ನಡೆದಿದೆ. ಕಲ್ಲು ನಮ್ಮ ದೇವರ ಮನೆಯಲ್ಲಿ, ಸೌಜನ್ಯಳ ಫೋಟೋದ ಮುಂದಿದೆ. ಅವನಿಗೆ ಒಳ್ಳೆಯ ಬುದ್ಧಿ ಕೊಡೆಂದು ಬೇಡಿಕೋ ಎನ್ನುತ್ತಾರೆ ನೆಂಟರು. ನಾನು ವಿಭೂತಿ ಹಚ್ಚಿ ಬೇರೆಯೇ ಬೇಡುತ್ತೇನೆ: ತಂದೆ, ಅವನಿಗೆ ದೀರ್ಘಾಯುಷ್ಯ ಕೊಡು. ಕೋರ್ಟಿನ ಒಂದು ವಾಯಿದೆಯೂ ಅವನಿಗೆ ತಪ್ಪದಿರಲಿ.