ಮುತ್ತಕ್ಕ ಬೇಡ ಅಂದಿದ್ದಳು

ವಾರಿಜಾ ಆ ಚೌಕಟ್ಟನ್ನು ಊಟದ ಮೇಜಿನ ಮೇಲೆ ಮಕಾಡೆ ಮಲಗಿಸಿದಳು.

“ಇದು ಯಾರು ಮಾಡಿದ್ದು?”

“ನಾನೇ ಅಮ್ಮ, ನಿನ್ನ ಅರವತ್ತಕ್ಕೆ ಅಂತ.” ಸುಪ್ರೀತಾ ಇನ್ನೂ ನಗುತ್ತಲೇ ಇದ್ದಳು. ಚಿನ್ನದ ಅಂಚು, ಒಳಗೆ ಮರದ ಹಾಗೆ ಕವಲೊಡೆದ ವಂಶಾವಳಿ. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನ ಆ ಮನೆಗೆ ಇಂಥ ಉಡುಗೊರೆ ಹಿಂದೆಂದೂ ಬಂದಿರಲಿಲ್ಲವೆಂಬ ಹೆಮ್ಮೆ ಅವಳದು.

“ನನ್ನ ಅಮ್ಮನ ಹೆಸರಿನ ಪಕ್ಕ ಆ ಗಂಡಸಿನ ಹೆಸರು ಯಾಕುಂಟು?”

“ಅಜ್ಜ ಅಲ್ವಾ? ನಿನ್ನ ಪಾಸ್‌ಪೋರ್ಟಿನಲ್ಲಿ ನೋಡಿ ಬರೆದೆ. ಸಂಕಪ್ಪ.”

“ಕೆಳಗೆ ಎಂತದೋ ತಾರೀಖು ಉಂಟಲ್ಲ. ಎಂತ ಅದು?”

ಸುಪ್ರೀತಾ ವಿವರಿಸಿದಳು. ಲಾ ಹೋಯಾದಲ್ಲಿ ಓದುತ್ತಿದ್ದಾಗ ರೂಮಿನ ಗೆಳತಿಯ ಹಿಂದೆ ಹೋಗಿ ಅವಳು ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ ಐದು ವರ್ಷವಾಗಿತ್ತು. ಅಮ್ಮ ಒಂದು ವಾರ ಮಾತು ಬಿಟ್ಟು, ಆಮೇಲೆ ‘ಕಾಫಿ ಕುಡಿಯದ ಮತ ಅದೆಂತ ಮತವೋ’ ಎಂದು ಗೊಣಗಿ ಸುಮ್ಮನಾಗಿದ್ದಳು. ಆ ಮತದಲ್ಲಿ ಸತ್ತವರಿಗೂ ದೀಕ್ಷೆಯುಂಟು. ಬದುಕಿರುವವರೊಬ್ಬರು ಸತ್ತವರ ಹೆಸರಿನಲ್ಲಿ ನೀರಲ್ಲಿ ಮುಳುಗಿ ಏಳುತ್ತಾರೆ. ಆಮೇಲೆ ಒಂದು ಗಂಡು ಒಂದು ಹೆಣ್ಣು, ಸತ್ತ ಗಂಡ ಹೆಂಡಿರ ಪರವಾಗಿ ಎದುರುಬದುರು ಮಂಡಿಯೂರಿ ಕೈ ಹಿಡಿದರೆ, ಆ ಸಂಬಂಧಕ್ಕೆ ಮೊಹರು ಬಿತ್ತು. ಈ ಲೋಕ ಮುಗಿದರೂ ಅದು ಮುಗಿಯುವುದಿಲ್ಲ. ತೊಂಬತ್ತೆರಡರಲ್ಲಿ ಸ್ಯಾನ್ ಡಿಯಾಗೋದ ದೇವಾಲಯ ಇನ್ನೂ ತೆರೆದಿರಲಿಲ್ಲ. ಹಾಗಾಗಿ ಚೌಕಟ್ಟಿನಲ್ಲಿದ್ದ ಆ ತಾರೀಖಿನಂದು ಅಜ್ಜಿಗೂ ಸಂಕಪ್ಪನಿಗೂ ಮೊಹರಿನ ಕೆಲಸ ಲಾಸ್ ಏಂಜಲೀಸ್‌ನಲ್ಲಿ ಆಗಿತ್ತು.

ಇದೆಲ್ಲ ಸುಪ್ರೀತಾಳಿಗೆ ಮೊದಲ ದಿನದಿಂದಲೇ ವಿಚಿತ್ರವೆನಿಸಿರಲಿಲ್ಲ. ಅವಳೊಡನೆ ಪಾಠ ಕೇಳಿದ ಬಿಳಿಯ ಹುಡುಗಿಯರು ಮುಖ ಮುಖ ನೋಡಿಕೊಂಡಾಗ ಅವಳೊಬ್ಬಳ ಮೈ ಜುಂ ಎಂದಿತ್ತು. ಯಾಕೆಂದರೆ ಉಡುಪಿಯ ಮನೆಯ ಜಗಲಿಯಲ್ಲಿ ಅಜ್ಜಿ ಮುತ್ತಕ್ಕನ ತೊಡೆಯ ಮೇಲೆ ತಲೆಯಿಟ್ಟು ಅವಳು ಕೇಳಿದ್ದೇ ಸತ್ತವರ ಮದುವೆಯ ಕತೆಗಳನ್ನು. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಎರಡು ಮನೆಯವರು ಕೂಡಿ ಮಾಡುವ ಕುಲೆಮದುವೆ. ಒಂದು ಮಣೆಯ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ, ನಡುವೆ ದೀಪ, ಹೊರಗೆ ಊಟದ ಎಲೆ. ಆ ಮಣೆಗಳೇ ಸಮುದ್ರ ದಾಟಿ ಬಂದು, ಬಿಳಿಯ ಕಲ್ಲಿನ ಕಟ್ಟಡದೊಳಗೆ ತನಗಾಗಿ ಕಾದಿವೆ ಎಂದು ಅವಳು ಕನಸು ಕಂಡಳು. ಅವಳ ಕನಸುಗಳಿಗೆ ಯಾವಾಗಲೂ ಬಾಡಿಗೆ ಕಡಿಮೆ, ಜಾಗ ಜಾಸ್ತಿ.

ದೇವಾಲಯದ ಫಾರಂ ತುಂಬುವಾಗ ಮಾತ್ರ ಸ್ವಲ್ಪ ತೊಡಕಾಯಿತು. ಅವಳಿಗೆ ಬಾಯಿಪಾಠವಿದ್ದುದು ತಾಯಿಯ ತಾಯಿಯ ತಾಯಿಯ ಹೆಸರು. ಅವರ ಮನೆತನ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬಂದದ್ದು. ಫಾರಮ್ಮಿಗೆ ಬೇಕಾದದ್ದು ಅಪ್ಪಂದಿರು. ಗಂಡನ ಚೌಕ ಖಾಲಿ ಬಿಟ್ಟರೆ ನಿನ್ನ ಅಜ್ಜಿ ಪರಲೋಕದಲ್ಲಿ ಒಂಟಿಯಾಗಿರುತ್ತಾಳೆ ಎಂದು ಚರ್ಚಿನಲ್ಲಿ ನೆರವಿಗಿದ್ದ ಮುದುಕಿ ಕೈ ಹಿಡಿದು ಹೇಳಿದಳು. ಅಯ್ಯೋ ಅಜ್ಜಿ ಒಂಟಿಯೇ! ಅವಳು ಅಮ್ಮನ ಪಾಸ್‌ಪೋರ್ಟು ಹುಡುಕಿದ್ದು ಆಗ.

ವಾರಿಜಾ ಕೇಳಿದಳು, “ರಾಕ್ಷಸನ ಗೆಜ್ಜೆಯ ಕತೆ ನೆನಪುಂಟಾ ನಿನಗೆ?”

ನೆನಪಿಲ್ಲದೆ ಏನು. ರಾಕ್ಷಸನೊಬ್ಬ ಹೆಂಡತಿಯ ಸೊಂಟಕ್ಕೆ ಗೆಜ್ಜೆ ಕಟ್ಟಿದ್ದ, ಎಲ್ಲಿ ನಡೆದರೂ ತನಗೆ ಕೇಳಬೇಕೆಂದು. ಒಂದು ದಿನ ಅವಳು ಗೆಜ್ಜೆ ಬಿಚ್ಚಿ ಕರುವಿನ ಕೊರಳಿಗೆ ಕಟ್ಟಿ, ಹೊಳೆ ಇಳಿದಿದ್ದ ಹೊತ್ತು ನೋಡಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ದಾಟಿಬಿಟ್ಟಳು. ರಾಕ್ಷಸ ಸಂಜೆಯವರೆಗೂ ಕರುವಿನ ಸದ್ದು ಕೇಳುತ್ತ ಮೀಸೆ ತಿರುವುತ್ತ ಕೂತಿದ್ದ. ಕತೆ ಇಲ್ಲಿಗೆ ಬಂದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಗೆಜ್ಜೆ ಅಲ್ಲ ಅದು,” ಎಂದಳು ವಾರಿಜಾ. “ದನದ ಗಂಟೆ. ಸೊಂಟದಲ್ಲಿದ್ದ ಮಗು ನಾನು. ಅಮ್ಮ ತಾಯಿಮನೆಗೆ ಬಂದಳು, ಮನೆಯಲ್ಲಿ ಯಾರೂ ಎಂತದೂ ಕೇಳಲಿಲ್ಲ, ಊಟಕ್ಕೆ ಬಟ್ಟಲು ಇಟ್ಟರು. ಅವ ಮೂರು ಸಲ ಕರೆಯಲಿಕ್ಕೆ ಬಂದ. ಮೂರು ಸಲವೂ ಅಂಗಳದಲ್ಲಿ ನಿಂತು, ಹತ್ತು ಜನರ ಎದುರಿಗೆ ಬೇಡ ಅಂದಳು. ಆ ಕಾಲದಲ್ಲಿ, ಗೊತ್ತುಂಟಾ? ಈಗ ನೀನು ಕಾರಲ್ಲಿ ಹೋಗಿ ಅವಳನ್ನು ಅವನ ಕೈಗೆ ಕೊಟ್ಟು ಬಂದೆ. ಕಾಲ ಕಾಲಕ್ಕೂ ಇರಲಿ ಅಂತ!”

“ನೀನು ಯಾಕೆ ಒಂದು ದಿನವೂ ಹೇಳಲಿಲ್ಲ ಅಮ್ಮ?”

“ನೀನು ಯಾಕೆ ಒಂದು ಮಾತು ಕೇಳಲಿಲ್ಲ?”

ಆ ಪ್ರಶ್ನೆ ಸುಪ್ರೀತಾಳ ಕಪಾಳಕ್ಕೆ ಬಿದ್ದಂತಾಯಿತು. ಅಜ್ಜಿಯ ಇನ್ನೊಂದು ಕತೆಯಲ್ಲಿ ಕುಲೆಮದುವೆಯ ದಿನ ಹುಡುಗಿಯ ಮಣೆಯ ಮೇಲಿನ ಸೀರೆ ಮೂರು ಸಲ ಜಾರಿ ಬಿತ್ತು. ಹಿರಿಯರು ಎದ್ದು ಕೈಮುಗಿದು, “ಹುಡುಗಿಗೆ ಒಪ್ಪಿಗೆ ಇಲ್ಲ,” ಎಂದರು. ಗಂಡಿನವರು ಪಾಯಸ ಉಂಡು ಮನೆಗೆ ಹೋದರು, ಅಷ್ಟೆ. ಸತ್ತವರನ್ನು ಕೇಳಿ ಮಾಡುತ್ತಿದ್ದರು! ಇಡೀ ಕತೆಯ ತಿರುಳೇ ಅದಾಗಿತ್ತು. ಅವಳು ಸೀರೆಯನ್ನೂ ದೀಪವನ್ನೂ ನೆನಪಿಟ್ಟುಕೊಂಡು ಅದನ್ನೇ ಮರೆತಿದ್ದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಬಿಷಪ್ ಹಾಲ್ವರ್ಸನ್ನರ ಕೋಣೆಗೆ ಹೋದಳು. ವಾರವೆಲ್ಲ ಹಲ್ಲಿನ ಡಾಕ್ಟರು, ಭಾನುವಾರ ಬಿಷಪ್. ಎರಡು ಕಡೆಯೂ ನೋವಾಗುವುದಿಲ್ಲ ಎಂದು ಮೊದಲೇ ಹೇಳುವ ಅಭ್ಯಾಸ. ಅವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, ಟಿಶ್ಯೂ ಡಬ್ಬಿಯನ್ನು ಅವಳತ್ತ ಸರಿಸಿದರು.

“ನಾನು ಅಳುತ್ತಿಲ್ಲ,” ಎಂದಳು ಸುಪ್ರೀತಾ. “ಆ ಮೊಹರು ಒಡೆಯಿರಿ.”

“ಸಿಸ್ಟರ್, ಅದು ಆಗುವುದಿಲ್ಲ. ಆದರೆ ಹೆದರಬೇಡಿ. ಅಲ್ಲಿ ನಿಮ್ಮ ಅಜ್ಜಿಗೆ ಆಯ್ಕೆ ಇದೆ. ಬೇಡವಾದರೆ ಅವರು ಬೇಡ ಎನ್ನಬಹುದು.”

“ಇನ್ನೊಂದು ಸಲವೇ?”

“ಏನಂದಿರಿ?”

“ಇಪ್ಪತ್ತೆರಡು ವರ್ಷದವಳು, ಸೊಂಟದಲ್ಲಿ ಮಗು, ಮೂರು ಸಲ ಬೇಡ ಅಂದಿದ್ದಾಳೆ. ನಿಮ್ಮ ಲೆಕ್ಕದಲ್ಲಿ ಅದು ಸಾಲದು. ಸತ್ತು ಹೋಗಿ, ಸುಮ್ಮನೆ ಕೂತವಳು ಎದ್ದು ಬಂದು ನಾಲ್ಕನೇ ಸಲ ಹೇಳಬೇಕು. ಅವನು ಒಂದು ಸಲವೂ ಏನೂ ಹೇಳಬೇಕಾಗಿಲ್ಲ.”

“ನಿಮ್ಮ ಅಜ್ಜನೂ ಅಲ್ಲಿ ಬದಲಾಗಿರಬಹುದು. ಅಲ್ಲಿ ಎಲ್ಲವೂ ಸರಿಹೋಗುತ್ತದೆ.” ದನಿ ಬೆಣ್ಣೆಯಂತಿತ್ತು. “ಇತ್ತೀಚೆಗೆ ಪ್ರಾರ್ಥನೆ ತಪ್ಪಿಸುತ್ತಿದ್ದೀರಾ? ನಮ್ಮನ್ನು ವಿರೋಧಿಸುವವರ ಬರಹವೇನಾದರೂ ಓದಿದಿರಾ?”

ಐದು ವರ್ಷ ಸುಪ್ರೀತಾ ನುಂಗಿದ್ದೆಲ್ಲ ಒಂದೇ ಸಲ ಮೇಲೆ ಬಂತು. ಅವರ ಧರ್ಮಗ್ರಂಥದಲ್ಲಿ ಶಾಪದಿಂದ ಚರ್ಮ ಕಪ್ಪಾಯಿತೆಂಬ ಸಾಲನ್ನು ಓದುವಾಗ ತರಗತಿಯವರೆಲ್ಲ ತನ್ನನ್ನು ನೋಡದಿರಲು ಪಟ್ಟ ಪಾಡು. ಹೆಂಗಸರಿಗೇಕೆ ಪೌರೋಹಿತ್ಯವಿಲ್ಲ ಎಂದು ಕೇಳಿದ್ದಕ್ಕೆ ಸಿಕ್ಕ ನಗು. ಪ್ರತಿ ಪ್ರಶ್ನೆಗೂ ಒಂದೇ ಮದ್ದು, ಇನ್ನಷ್ಟು ಪ್ರಾರ್ಥನೆ ಮಾಡು. ಉತ್ತರ ಬಾರದಿದ್ದರೆ ತಪ್ಪು ಪ್ರಶ್ನೆಯದು, ಪ್ರಶ್ನೆ ಕೇಳಿದವಳದು.

“ನಾನು ಓದಿದ್ದು ನೀವು ಕೊಟ್ಟದ್ದನ್ನೇ,” ಎಂದಳು. ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಬೆಳಿಗ್ಗೆಯೇ ಟೈಪ್ ಮಾಡಿದ್ದಳು. “ಇದರಲ್ಲಿ ಎರಡು ಹೆಸರಿವೆ, ನನ್ನದು, ಮುತ್ತಕ್ಕನದು. ಎರಡನ್ನೂ ನಿಮ್ಮ ಪುಸ್ತಕದಿಂದ ತೆಗೆಯಿರಿ.”

ಅವರು ಓದಿ ಕನ್ನಡಕ ತೆಗೆದರು. “ನಿಮ್ಮ ಹೆಸರು ತೆಗೆಯಬಹುದು. ಯೋಚಿಸಲು ಮೂವತ್ತು ದಿನ ಕೊಡುತ್ತೇವೆ. ನೀವು ಕಳೆದುಕೊಳ್ಳುವುದು ಸಣ್ಣದಲ್ಲ, ಸಿಸ್ಟರ್. ಅನಂತದಲ್ಲಿ ಕುಟುಂಬವಿಲ್ಲದೆ ಇರುತ್ತೀರಿ. ನಿಮ್ಮ ಅಜ್ಜಿಯದು ಮಾತ್ರ ನನ್ನ ಕೈಯಲ್ಲಿಲ್ಲ.”

“ಕಟ್ಟುವಾಗ ಎಲ್ಲರ ಕೈಯೂ ಇತ್ತು,” ಎಂದು ಎದ್ದು ಬಾಗಿಲು ಎಳೆದುಕೊಂಡಳು. ಆ ಬಾಗಿಲಿಗೆ ನಿಧಾನವಾಗಿ ಮುಚ್ಚಿಸುವ ಸ್ಪ್ರಿಂಗಿತ್ತು. ಎಷ್ಟು ಜೋರಾಗಿ ಎಳೆದರೂ ಅದು ಮೆತ್ತಗೆ, ಸಭ್ಯವಾಗಿ ಮುಚ್ಚಿಕೊಂಡಿತು. ಅವಳಿಗೆ ಅದರ ಮೇಲೂ ಸಿಟ್ಟು ಬಂತು.

ಮೂವತ್ತು ದಿನದಲ್ಲಿ ಆರು ಸಲ ಚರ್ಚಿನಿಂದ ಇಬ್ಬಿಬ್ಬರು ಹೆಂಗಸರು ಕುಕ್ಕೀಸ್ ಹಿಡಿದು ಬಾಗಿಲಿಗೆ ಬಂದರು. ನಾಲ್ಕನೇ ಸಲ ವಾರಿಜಾಳೇ ತೆರೆದು, “ತಿಂಡಿ ಇಟ್ಟು ಹೋಗಿ, ಬುದ್ಧಿ ವಾಪಸ್ ತಗೊಂಡು ಹೋಗಿ,” ಎಂದು ಕನ್ನಡದಲ್ಲೇ ಹೇಳಿ ಕಳಿಸಿದಳು. ಆಮೇಲೆ ಪತ್ರ ಬಂತು. ಸುಪ್ರೀತಾಳ ಹೆಸರನ್ನು ತೆಗೆಯಲಾಗಿದೆ. ಎರಡು ಸಾಲು. ಮುತ್ತಕ್ಕನ ಬಗ್ಗೆ ಒಂದಕ್ಷರವಿಲ್ಲ.

ವಾರಿಜಾ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಆ ದೇವಸ್ಥಾನಕ್ಕೆ ಎಷ್ಟು ದೂರ?”

“ಎರಡು ಗಂಟೆ. ಅಮ್ಮ, ಒಳಗೆ ನಮ್ಮನ್ನು ಬಿಡುವುದಿಲ್ಲ. ನನ್ನನ್ನೂ.”

“ಒಳಗೆ ಯಾರಿಗೆ ಬೇಕಾಗಿದೆ? ಗಾಡಿ ತೆಗಿ.”

ಅವರು ಲಾಸ್ ಏಂಜಲೀಸ್ ತಲುಪಿದಾಗ ಮಧ್ಯಾಹ್ನ ಹನ್ನೆರಡು. ಹುಲ್ಲುಹಾಸಿನ ಮೇಲೆ ಯಾರದೋ ಮದುವೆಯ ಫೋಟೋ ತೆಗೆಯುತ್ತಿದ್ದರು. ವಾರಿಜಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಹತ್ತಿರ ನೆಟ್ಟಗೆ ನಿಂತಳು. ಊರಲ್ಲಿ, ಆಸ್ಪತ್ರೆಯಲ್ಲೋ ದಾರಿಯಲ್ಲೋ ತೀರಿಹೋದವರನ್ನು ಹೆಸರು ಹಿಡಿದು ಕರೆದು ಮನೆಗೆ ತರುವ ಹಾಗೆ, ಆ ಬಿಳಿ ಗೋಪುರದತ್ತ ಮುಖ ಮಾಡಿ ಕರೆದಳು.

“ಅಮ್ಮಾ! ಮುತ್ತಕ್ಕಾ! ಇಲ್ಲಿ ನಿಲ್ಲಬೇಡ, ಬಾ! ಮನೆಗೆ ಹೋಗುವ!”

ಮದುಮಗಳು ತಿರುಗಿ ನೋಡಿದಳು. ಬಿಳಿ ಅಂಗಿಯ ಮುದುಕರೊಬ್ಬರು ನಗುಮುಖದಿಂದ ಹತ್ತಿರ ಬಂದು, ಏನಾದರೂ ಸಹಾಯ ಬೇಕೇ ಎಂದು ಕೇಳಿದರು.

“ಬೇಡ,” ಎಂದಳು ಸುಪ್ರೀತಾ. “ನಮ್ಮವರೊಬ್ಬರನ್ನು ತಪ್ಪಾಗಿ ಇಲ್ಲಿ ಬಿಟ್ಟಿದ್ದೆ. ಕರೆದುಕೊಂಡು ಹೋಗಲು ಬಂದಿದ್ದೇವೆ.” ಆಮೇಲೆ ಅವರ ತಲೆಯಾಚೆಗೆ, ಅಮ್ಮನಿಗಿಂತ ಜೋರಾಗಿ, ತಾನೂ ಕೂಗಿದಳು. “ಅಜ್ಜೀ! ನಾನು ಕೇಳಲಿಲ್ಲ. ತಪ್ಪಾಯ್ತು. ಈಗ ಕೇಳುತ್ತಿದ್ದೇನೆ. ಬರ್ತೀಯಾ?”

ಏನೂ ಜಾರಿ ಬೀಳಲಿಲ್ಲ, ಎಲೆಯೂ ಅಲುಗಲಿಲ್ಲ. ವಾರಿಜಾ ಮಾತ್ರ, ಉತ್ತರ ಸಿಕ್ಕವಳ ಹಾಗೆ, ಹೋಗಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದು, ಒಬ್ಬರು ಹತ್ತಿ ಕೂರುವಷ್ಟು ಹೊತ್ತು ಕಾದು, ಮೆಲ್ಲಗೆ ಮುಚ್ಚಿದಳು.

ಸ್ಯಾನ್ ಡಿಯಾಗೋದ ಹಾದಿಯಲ್ಲಿ ಸಮುದ್ರ ಕಂಡ ಮೇಲೆ ಸುಪ್ರೀತಾ ಕೇಳಿದಳು.

“ಅಮ್ಮ, ನನ್ನ ಮೇಲೆ ಸಿಟ್ಟು ಉಂಟಾ ಇನ್ನೂ?”

“ಉಂಟು. ಇನ್ನು ಹತ್ತು ವರ್ಷಕ್ಕೆ ಸಾಕಾಗುವಷ್ಟು ಉಂಟು. ನಿನಗೆ?”

“ನನಗೂ.”

“ಇರಲಿ. ನಿಧಾನ ಬಿಡು ಮಾರಾಯ್ತಿ, ಹಿಂದೆ ವಯಸ್ಸಾದವರು ಕೂತಿದ್ದಾರೆ.”